ಸಿಲ್ವರ್ ಡಾಲರ್ ನೀಲಗಿರಿ: ನೆಲಕ್ಕೆ ಬೇಡ, ಕುಂಡದಲ್ಲಿರಲಿ

ಮದುವೆ ಅಲಂಕಾರ, ಹೂಗುಚ್ಛ, ರೀಲ್ಸ್ ಎಲ್ಲಾ ಕಡೆ ಈಗ ಬೆಳ್ಳಿ ನಾಣ್ಯದಂಥ ದುಂಡನೆ ಎಲೆ. 'ಮೈಸೂರಲ್ಲಿ ಮನೆ ಮುಂದೆ ಒಂದು ಹಾಕಬಹುದಾ ಸರ್?' ಅಂತ ಫೋಟೊ ಕಳಿಸಿ ಕೇಳುವವರು ಹೆಚ್ಚಾಗಿದ್ದಾರೆ. ಹಾಕಬಹುದು. ಆದರೆ ಕುಂಡದಲ್ಲಿ, ಅದೂ ವರ್ಷಕ್ಕೊಮ್ಮೆ ಕತ್ತರಿಸುವ ಮನಸ್ಸಿದ್ದರೆ ಮಾತ್ರ.

ನೀಲಗಿರಿ ನಮಗೆ ಹೊಸದಲ್ಲ. 1790ರ ಸುಮಾರಿಗೆ ಟಿಪ್ಪು ಸುಲ್ತಾನ್ ನಂದಿ ಬೆಟ್ಟದಲ್ಲಿ ನೆಡಿಸಿದ ಎನ್ನುತ್ತಾರೆ. ಅಲ್ಲಿಂದ ಹರಡಿದ ತಳಿಗೆ 'ಮೈಸೂರ್ ಗಮ್' ಎಂದೇ ಹೆಸರು ಬಿತ್ತು. ಮುಂದೆ ಕೋಲಾರದ ಕಡೆ ರಾಗಿ ಹೊಲಗಳು ನೀಲಗಿರಿ ತೋಪಾದವು, ಅಂತರ್ಜಲದ ಪ್ರಶ್ನೆ ಎದ್ದಿತು. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿತು. ಹಾಗಾಗಿ ಎಲೆ ಮಾರುವ ಲೆಕ್ಕ ಹಾಕಿ ಜಮೀನಿಗೆ ನೆಡುವ ಯೋಚನೆ ಬಿಟ್ಟುಬಿಡಿ. 30x40 ಸೈಟಿನ ನೆಲಕ್ಕೂ ಇದು ತೀರಾ ದೊಡ್ಡ ಮರ.

ಗಿಡ ಕೊಳ್ಳುವಾಗ ಬರೀ 'ನೀಲಗಿರಿ' ಅನ್ನಬೇಡಿ, ತೋಪಿನ ಗಿಡ ಕೊಟ್ಟಾರು. 'ಯೂಕಲಿಪ್ಟಸ್ ಸಿನೇರಿಯಾ' ಎಂದು ಕೇಳಿ, ಎಲೆ ದುಂಡಗೆ, ಬೂದಿ ಬಣ್ಣ ಇದೆಯಾ ನೋಡಿ. ಮೊಣಕಾಲುದ್ದದ ಎಳೆ ಗಿಡವೇ ಒಳ್ಳೆಯದು. ಪ್ಯಾಕೆಟ್ಟಿನೊಳಗೆ ಬೇರು ಸುತ್ತಿಕೊಂಡ ದೊಡ್ಡ ಗಿಡ ಮುಂದೆ ಗಾಳಿಗೆ ವಾಲುತ್ತದೆ.

ಕುಂಡ 18 ಇಂಚಿನದಿರಲಿ. ಎರಡು ಪಾಲು ಕೆಂಪುಮಣ್ಣು, ಒಂದು ಪಾಲು ಮರಳು, ಒಂದು ಪಾಲು ಕಳಿತ ಕೊಟ್ಟಿಗೆ ಗೊಬ್ಬರ ಸಾಕು. ದಿನಕ್ಕೆ ಆರು ಗಂಟೆ ಬಿಸಿಲು ಬೀಳುವ ತಾರಸಿ ಸರಿ. ಇದು ತಂಪು ಸೀಮೆಯ ಗಿಡ. ಏಪ್ರಿಲ್ ಬಿಸಿಲಲ್ಲಿ ಕುಂಡ ಬೇಗ ಒಣಗುತ್ತೆ, ಬೆಳಿಗ್ಗೆ ಬೆರಳಿಟ್ಟು ನೋಡಿ ನೀರು ಕೊಡಿ. ಮಳೆಗಾಲದಲ್ಲಿ ತಳದ ತೂತು ಕಟ್ಟದಂತೆ ನೋಡಿಕೊಳ್ಳಿ, ನೀರು ನಿಂತರೆ ಬೇರು ಕೊಳೆಯುತ್ತದೆ.

ಮುಖ್ಯ ಗುಟ್ಟು ಕತ್ತರಿಯಲ್ಲಿದೆ. ಆ ದುಂಡನೆ ಎಲೆ ಗಿಡದ ಎಳೆತನದ ಎಲೆ. ಬೆಳೆಯಲು ಬಿಟ್ಟರೆ ಬರಬರುತ್ತಾ ಎಲೆ ಉದ್ದವಾಗುತ್ತದೆ, ಕೈಗೂ ಎಟುಕುವುದಿಲ್ಲ. ಕಾಂಡ ಹೆಬ್ಬೆರಳು ದಪ್ಪ ಬಂದ ಮೇಲೆ, ಬೇಸಿಗೆ ಮಳೆ ಒಂದೆರಡು ಬಿದ್ದಾಗ, ಒಂದೂವರೆ ಅಡಿ ಬಿಟ್ಟು ಕತ್ತರಿಸಿ. ಪಕ್ಕದಿಂದ ಬರುವ ಚಿಗುರಿನಲ್ಲಿ ಐದಾರು ಉಳಿಸಿ, ಮಿಕ್ಕಿದ್ದು ತೆಗೆಯಿರಿ. ಪ್ರತಿ ವರ್ಷ ಹೀಗೇ ಮಾಡಿ.

ಎಲೆಯ ನಡುನರ ಅಥವಾ ತೊಟ್ಟಿನ ಮೇಲೆ ಗಂಟು ಕಂಡರೆ ಅದು ಗಂಟು ಕಣಜದ ಕೆಲಸ. ಔಷಧಿ ಹುಡುಕಬೇಡಿ, ಆ ಕೊಂಬೆ ಕತ್ತರಿಸಿ ಸುಡಿ. ಉದುರಿದ ಎಲೆಯನ್ನು ತರಕಾರಿ ಮಡಿಗೆ ಮುಚ್ಚಿಗೆಯಾಗಿ ಹಾಕಬೇಡಿ, ಎಳೆ ಸಸಿಗಳಿಗೆ ಆಗಿಬರುವುದಿಲ್ಲ.

ನೆಲದಲ್ಲೇ ಮರ ಬೇಕು ಅನ್ನುವವರಿಗೆ ಪಾರಿಜಾತ ಇದೆ. ಚಿಕ್ಕ ಜಾಗಕ್ಕೆ ಹೊಂದುತ್ತದೆ, ಬೆಳಗಾದರೆ ಅಂಗಳದ ತುಂಬ ಹೂವು.