ಹೊಳೆದಂಡೆಯ ಎರಡು ದಿನಗಳಿಗೆ ಕಟ್ಟುವ ಗಂಟು

ವಿದ್ಯಾರ್ಥಿನಿಲಯದಲ್ಲಿ ಓದಿ ಬೆಳೆದವರಿಗೆ ಗಂಟು ಕಟ್ಟುವ ವಿದ್ಯೆಯನ್ನು ಬೇರೆಯಾಗಿ ಕಲಿಸಬೇಕಾಗಿಲ್ಲವೆಂದು ಮೇಲುನೋಟಕ್ಕೆ ತೋರಬಹುದು. ಒಂದು ತಗಡಿನ ಪೆಟ್ಟಿಗೆ, ಒಂದು ತಟ್ಟೆ, ಒಂದು ಲೋಟ, ಒಂದು ಕಂಬಳಿ, ಎರಡು ಜೊತೆ ಬಟ್ಟೆ, ಇಷ್ಟರಲ್ಲಿಯೇ ವರ್ಷವನ್ನು ಕಳೆದವರು ಅವರು. ಆದರೆ ಅದೇ ವಿದ್ಯಾರ್ಥಿಗಳು ನಾಲ್ವತ್ತು ವರ್ಷಗಳ ತರುವಾಯ ಹಳೆಯ ಸಹಪಾಠಿಗಳನ್ನು ಕೂಡಿಕೊಂಡು, ವಯೋವೃದ್ಧರಾದ ಗುರುಗಳನ್ನೂ ಮನೆಯ ಮಕ್ಕಳನ್ನೂ ಕರೆದುಕೊಂಡು, ಎರಡು ದಿನದ ಸಮಾಗಮಕ್ಕೆಂದು ಹೊರಟಾಗ ಪೆಟ್ಟಿಗೆಗಳ ಸಂಖ್ಯೆಯು ಮಂದಿಯ ಸಂಖ್ಯೆಯನ್ನು ಮೀರುತ್ತದೆ. ಬೇಕಾದ ವಸ್ತು ಮಾತ್ರ ಯಾವುದರಲ್ಲಿಯೂ ಇರುವುದಿಲ್ಲ. ಹತ್ತು ಮನೆಗಳಿಂದ ಹತ್ತು ಡಬ್ಬಿ ಚಕ್ಕುಲಿ ಬಂದಿರುತ್ತದೆ. ಒಂದು ಹಗ್ಗ ಬಂದಿರುವುದಿಲ್ಲ.

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳಲ್ಲಿ ಇಂತಹ ಸಮಾಗಮಗಳಿಗೆ ವಸಂತ ಕಾಲವೇ ಹೆಚ್ಚಾಗಿ ಒದಗಿಬರುತ್ತದೆ. ಕೊಯ್ಲು ಮುಗಿದಿರುತ್ತದೆ, ಪರೀಕ್ಷೆಗಳು ಮುಗಿಯುವ ಹಂತದಲ್ಲಿರುತ್ತವೆ, ಶನಿವಾರ ಭಾನುವಾರಗಳಲ್ಲಿ ಬೆಂಗಳೂರಿನವರೂ ಬಂದು ಸೇರಬಲ್ಲರು. ಮೊದಲನೆಯ ದಿನ ನಂಜನಗೂಡಿನಲ್ಲಿ ಶ್ರೀಕಂಠೇಶ್ವರನ ದರ್ಶನ ಹಾಗೂ ಕಪಿಲೆಯ ದಂಡೆ, ಎರಡನೆಯ ದಿನ ಕಾವೇರಿ ಕಪಿಲೆಗಳು ಕೂಡುವ ನರಸೀಪುರದ ಸಂಗಮ, ಬಳಿಕ ಸೋಮನಾಥಪುರ ಅಥವಾ ತಲಕಾಡು. ಇದು ರೂಢಿಯ ದಾರಿ. ಐದು ತೇರುಗಳನ್ನೆಳೆಯುವ ನಂಜನಗೂಡಿನ ದೊಡ್ಡ ಜಾತ್ರೆಯೂ ಮಾರ್ಚ್ ಅಥವಾ ಏಪ್ರಿಲ್ ತಿಂಗಳಿನಲ್ಲಿಯೇ ಬರುವುದರಿಂದ, ಗುರುಗಳೊಡನೆ ನಿಧಾನವಾಗಿ ಮಾತನಾಡುತ್ತ ಕುಳಿತುಕೊಳ್ಳಬೇಕೆಂಬುವರು ಆ ದಿನಗಳನ್ನು ಬಿಟ್ಟು ಬೇರೊಂದು ವಾರವನ್ನು ಆರಿಸಿಕೊಳ್ಳುವುದು ಮೇಲು.

ಗಂಟುಗಳು ಎರಡು ಬಗೆಯವು. ಒಂದು ತಮ್ಮ ತಮ್ಮದು, ಇನ್ನೊಂದು ಎಲ್ಲರದು. ತಮ್ಮ ಗಂಟು ಎಷ್ಟು ಕಿರಿದಾದರೆ ಅಷ್ಟು ಒಳ್ಳೆಯದು. ಮೈಸೂರು ಚಾಮರಾಜನಗರ ರೈಲುಮಾರ್ಗವು ನಂಜನಗೂಡಿನ ಮೂಲಕ ಹಾದುಹೋಗುತ್ತದೆಯಾದರೂ ನರಸೀಪುರಕ್ಕೆ ರೈಲಿಲ್ಲ. ಅಲ್ಲಿಗೆ ಬಸ್ಸೇ ಗತಿ. ಆದ್ದರಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕುಳಿತುಕೊಳ್ಳಬಹುದಾದ ಚೀಲವೇ ಅದರ ಅಳತೆ. ಎರಡು ಜೊತೆ ಹತ್ತಿಯ ಬಟ್ಟೆ, ಎರಡು ವಸ್ತ್ರ (ಒಂದು ಒದ್ದೆಯಾದಾಗ ಇನ್ನೊಂದಿರಬೇಕು), ಒಂದು ಹೊದಿಕೆ, ಒಂದು ಕೊಡೆ, ಒಂದು ಚೊಂಬು. ಕೊಡೆಯು ಬಿಸಿಲಿಗೂ ಆದೀತು, ರೇವತಿ ಅಶ್ವಿನಿ ಮಳೆಗಳು ಮಧ್ಯಾಹ್ನದ ಮೇಲೆ ಗುಡುಗಿಕೊಂಡು ಬಂದರೆ ಅದಕ್ಕೂ ಆದೀತು. ಆದರೆ ಗುಡುಗು ಕೇಳಿಸಿದ ಕೂಡಲೇ ಹೊಳೆಯ ಬಯಲನ್ನೂ ಒಂಟಿ ಮರವನ್ನೂ ಬಿಟ್ಟು ಕಟ್ಟಡದೊಳಕ್ಕೆ ಹೋಗತಕ್ಕದ್ದು. ಇಷ್ಟಲಿಂಗಪೂಜೆಯ ನಂತರವೇ ಆಹಾರ ಸ್ವೀಕರಿಸುವವರು ವಿಭೂತಿಯನ್ನೂ ಮಡಿವಸ್ತ್ರವನ್ನೂ ಚೀಲದ ಮೇಲ್ಭಾಗದಲ್ಲಿಯೇ ಇರಿಸಿಕೊಂಡರೆ, ಬೆಳಗಿನ ಜಾವದಲ್ಲಿ ಇಡೀ ಚೀಲವನ್ನು ಬಿಚ್ಚಿ ಹರಡುವ ಅಗತ್ಯ ಬೀಳದು. ಹಲ್ಲುಪುಡಿಯನ್ನು ಮರೆತು ಬಂದವರು ಚಿಂತಿಸಬೇಕಾಗಿಲ್ಲ. ಹಲ್ಲುಪುಡಿಗೆ ಹೆಸರಾದ ಊರಿಗೇ ಅವರು ಬಂದಿರುತ್ತಾರೆ.

ಇನ್ನೆರಡು ಚಿಕ್ಕ ವಸ್ತುಗಳು ಸಾಮಾನ್ಯವಾಗಿ ಯಾರ ಪಟ್ಟಿಯಲ್ಲಿಯೂ ಕಾಣುವುದಿಲ್ಲ. ಮೊದಲನೆಯದು ದಪ್ಪನೆಯ ಕಾಲುಚೀಲ. ಹದಿಮೂರನೆಯ ಶತಮಾನದಲ್ಲಿ ಹೊಯ್ಸಳ ದಂಡನಾಯಕ ಸೋಮನಾಥನು ಕಟ್ಟಿಸಿದ, 2023ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಸೋಮನಾಥಪುರದ ಕೇಶವ ದೇವಾಲಯದ ಅಂಗಳದಲ್ಲಿ ನಡುಹಗಲು ಬರಿಗಾಲಿನಲ್ಲಿ ನಿಂತವರು ಶಿಲ್ಪವನ್ನು ನೋಡುವುದಿಲ್ಲ, ನೆರಳನ್ನು ಹುಡುಕುತ್ತಾರೆ. ತಲಕಾಡಿನ ಮರಳಂತೂ ಇನ್ನೂ ಕಠಿಣ. ಎರಡನೆಯದು ಗುರುತಿನ ಚೀಟಿ. 2023ರ ಜೂನ್ 11ರಿಂದ ಜಾರಿಗೆ ಬಂದ ಶಕ್ತಿ ಯೋಜನೆಯಡಿಯಲ್ಲಿ ರಾಜ್ಯದ ಸಾರಿಗೆ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣಿಸುವ ಮಹಿಳೆಯರು ಅದನ್ನು ನಿರ್ವಾಹಕರಿಗೆ ತೋರಿಸಬೇಕಾಗುತ್ತದೆ.

ಎಲ್ಲರ ಗಂಟಿನಲ್ಲಿ ಬುತ್ತಿಯದೇ ಮೊದಲ ಸ್ಥಾನ. ಬುತ್ತಿಯೆಂದರೆ ಪುಳಿಯೋಗರೆ ಮತ್ತು ಮೊಸರನ್ನ ಎಂಬ ರೂಢಿಯು ಬರಿಯ ರುಚಿಯಿಂದ ಬಂದುದಲ್ಲ. ಅದರ ಹಿಂದೆ ಅನುಭವದ ವಿಜ್ಞಾನವಿದೆ. ಅಕ್ಕಿಯಲ್ಲಿ ಸಹಜವಾಗಿಯೇ ಇರುವ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿಯ ಬೀಜಕಣಗಳು ಅನ್ನದ ಕುದಿತವನ್ನೂ ತಾಳಿಕೊಂಡು ಉಳಿಯಬಲ್ಲವು. ಅನ್ನವು ಬೆಚ್ಚಗೆ, ತೇವವಾಗಿ, ಮುಚ್ಚಿದ ಪಾತ್ರೆಯಲ್ಲಿ ಗಂಟೆಗಟ್ಟಲೆ ಇದ್ದರೆ ಅವು ಮೊಳೆತು ವೃದ್ಧಿಯಾಗುತ್ತವೆ. ಅವುಗಳಿಂದ ಹುಟ್ಟುವ ವಾಂತಿಕಾರಕ ವಿಷವು ಅನ್ನವನ್ನು ಮತ್ತೆ ಬಿಸಿಮಾಡಿದರೂ ನಾಶವಾಗುವುದಿಲ್ಲ. ಹವೆಯ ಉಷ್ಣತೆ 32 ಡಿಗ್ರಿ ಸೆಲ್ಸಿಯಸ್ ಮೀರಿದಾಗ ಬೇಯಿಸಿದ ಸಾಧಾರಣ ಆಹಾರವನ್ನು ಒಂದು ಗಂಟೆಗಿಂತ ಹೆಚ್ಚು ಹೊತ್ತು ಹೊರಗಿಡಬಾರದೆಂಬುದು ಆಹಾರ ಸುರಕ್ಷತೆಯ ನಿಯಮ; ಏಪ್ರಿಲ್ ತಿಂಗಳ ಮೈಸೂರು ಸೀಮೆಯಲ್ಲಿ ಹಗಲಿನ ಉಷ್ಣತೆಯು ಅದನ್ನು ಸುಲಭವಾಗಿ ದಾಟುತ್ತದೆ. ಹುಣಿಸೆಯ ಹುಳಿಯು ಈ ಜೀವಿಗಳ ಬೆಳವಣಿಗೆಯನ್ನು ತಡೆಯುತ್ತದೆ. ಪುಳಿಯೋಗರೆಯ ಗೊಜ್ಜು ಎಣ್ಣೆ ಬಿಡುವತನಕ ಕುದಿಯಬೇಕೆಂದು ಹಿರಿಯರು ಹಟ ಹಿಡಿಯುತ್ತಿದ್ದುದಕ್ಕೆ ಕಾರಣವಿಲ್ಲದಿಲ್ಲ. ಹಾಗೆ ಕುದಿದಾಗ ಅದರ ನೀರಿನಂಶ ಇಂಗಿಹೋಗುತ್ತದೆ.

ಬೇಯಿಸಿದ ಅನ್ನವನ್ನು ಬಿಸಿಯಾಗಿಯೇ ಡಬ್ಬಿಗೆ ತುಂಬಿ ಮುಚ್ಚಳ ಬಿಗಿಯುವುದು ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು. ಮುಚ್ಚಳದ ಒಳಭಾಗದಲ್ಲಿ ಕೂಡಿದ ಹಬೆಯು ನೀರಾಗಿ ಅನ್ನದ ಮೇಲೆಯೇ ತೊಟ್ಟಿಕ್ಕುತ್ತದೆ. ಅನ್ನವನ್ನು ಅಗಲವಾದ ಹರಿವಾಣದಲ್ಲಿ ತೆಳ್ಳಗೆ ಹರಡಿ, ಬೇಗ ಆರಿಸಿ, ಉದುರು ಉದುರಾದ ಮೇಲೆ ಗೊಜ್ಜನ್ನು ಎಲ್ಲ ಕಡೆಗೂ ಸೇರುವಂತೆ ಕಲಸಬೇಕು. ಮೊಸರನ್ನದ ಕ್ರಮ ಬೇರೆ. ಅಲ್ಲಿ ಅನ್ನವನ್ನು ಚೆನ್ನಾಗಿ ಮಿದಿದು, ಕಾಯಿಸಿ ಆರಿಸಿದ ಹಾಲನ್ನು ಧಾರಾಳವಾಗಿ ಹಾಕಿ, ಹೆಪ್ಪಿಗೆ ಬೇಕಾಗುವುದಕ್ಕಿಂತ ತುಸು ಹೆಚ್ಚು ಮೊಸರನ್ನು ಕೂಡಿಸುತ್ತಾರೆ. ಬೆಳಗಿನ ಆರು ಗಂಟೆಗೆ ಕಲಸಿದ ಹಾಲನ್ನವು ಮಧ್ಯಾಹ್ನದ ಹೊತ್ತಿಗೆ ಹದವಾದ ಮೊಸರನ್ನವಾಗುತ್ತದೆ. ಆರಂಭದಿಂದಲೇ ಬರಿಯ ಮೊಸರಿನಲ್ಲಿ ಕಲಸಿದುದು ಅಷ್ಟು ಹೊತ್ತಿಗೆ ಬಾಯಿಗಿಡಲಾರದಷ್ಟು ಹುಳಿಯಾಗಿರುತ್ತದೆ. ಒಬ್ಬರಿಗೆ 100 ಗ್ರಾಂ ಅಕ್ಕಿಯೆಂದು ಹಿಡಿದರೆ, ಎರಡು ಬಗೆಯ ಅನ್ನಕ್ಕೂ ಸೇರಿ 20 ಮಂದಿಗೆ 2 ಕಿಲೋಗ್ರಾಂ ಅಕ್ಕಿ ಸಾಕು. ತೆಂಗಿನಕಾಯಿಯ ಚಟ್ನಿಯನ್ನು ಒಯ್ಯಲೇಬಾರದು. ಚಟ್ನಿಪುಡಿ, ಉಪ್ಪಿನಕಾಯಿ ಇದ್ದರೆ ಆಯಿತು. ಮುದ್ದೆಯಿಲ್ಲದೆ ಊಟವೇ ಅಲ್ಲವೆನ್ನುವವರು ಆ ಒಂದು ಹೊತ್ತು ಸೈರಿಸಿಕೊಳ್ಳಬೇಕು, ಏಕೆಂದರೆ ಅದು ಒಲೆಯ ಪಕ್ಕದ ಊಟವೇ ಹೊರತು ದಾರಿಯ ಊಟವಲ್ಲ. ಮೊದಲ ದಿನದ ಬುತ್ತಿಯು ಮೊದಲ ದಿನದ ಮಧ್ಯಾಹ್ನಕ್ಕೇ ಮುಗಿಯಬೇಕು. ಉಳಿದುದನ್ನು ರಾತ್ರಿಗೆ ಕಟ್ಟಿಡುವ ಮಿತವ್ಯಯವು ಮರುದಿನ ಇಡೀ ತಂಡವನ್ನು ಆಸ್ಪತ್ರೆಗೆ ಸೇರಿಸೀತು. ಅನಂತರದ ಹಸಿವಿಗೆ ಕಡಲೆಪುರಿ, ಹುರಿಗಡಲೆ, ಕಡಲೆಕಾಯಿ, ಬೆಲ್ಲ ಇವುಗಳಿಗಿಂತ ನಂಬಿಕೆಯುಳ್ಳ ಪದಾರ್ಥಗಳಿಲ್ಲ.

ಬಿಸಿಲಿನಲ್ಲಿ ತಿರುಗುವವರಿಗೆ ದಿನಕ್ಕೆ ಒಬ್ಬರಿಗೆ 3 ಲೀಟರ್ ನೀರು ಬೇಕೆಂದರೆ, 20 ಮಂದಿಗೆ 60 ಲೀಟರ್. ಅದರ ತೂಕವೂ 60 ಕಿಲೋಗ್ರಾಂ! ಬಸ್ಸಿನಲ್ಲಿ ಹೋಗುವವರು ಇದನ್ನು ಹೊರಲಾರರು. ಒಬ್ಬೊಬ್ಬರೂ ಒಂದು ಲೀಟರಿನ ಬಾಟಲಿಯನ್ನು ಹಿಡಿದು, ದಾರಿಯ ಊರುಗಳ ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿ ತುಂಬಿಸಿಕೊಳ್ಳುತ್ತ ಹೋಗಬೇಕು. ಅಂತಹ ಅನೇಕ ಘಟಕಗಳು ನಾಣ್ಯ ಹಾಕಿದರಷ್ಟೇ ನೀರು ಕೊಡುವುದರಿಂದ ಒಂದು ಹಿಡಿ ಚಿಲ್ಲರೆ ನಾಣ್ಯಗಳೂ ಗಂಟಿನಲ್ಲಿರಲಿ. ಹೊಳೆಯ ನೀರು ತೀರ್ಥಕ್ಕೆ ಸರಿ, ದಾಹಕ್ಕೆ ಸರಿಯಲ್ಲ. ಬಿಸಿಲಿನ ಬಳಲಿಕೆಗೋ ಬೇಧಿಗೋ 1 ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿದ ದ್ರಾವಣವು ತತ್‌ಕ್ಷಣದ ನೆರವಾಗುತ್ತದೆ. ಉಪ್ಪು ಈ ಅಳತೆಯನ್ನು ಮೀರಕೂಡದು.

ಗುರುಗಳ ವಿಷಯದಲ್ಲಿ ಕೆಲವು ಏರ್ಪಾಡುಗಳನ್ನು ಅವರು ಕೇಳುವ ಮುನ್ನವೇ ಮಾಡಿರಬೇಕಾಗುತ್ತದೆ. ಜಮಖಾನದ ಮೇಲೆ ಒಮ್ಮೆ ಕುಳಿತವರಿಗೆ ಏಳುವಾಗ ಇಬ್ಬರ ಹೆಗಲು ಬೇಕಾಗುತ್ತದೆ. ಅದನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ. ಆದ್ದರಿಂದ ಮಡಿಸುವ ಕುರ್ಚಿಗಳೆರಡು ಎಲ್ಲರ ಗಂಟಿನಲ್ಲಿ ಸೇರಲೇಬೇಕು. ಪ್ರತಿಯೊಬ್ಬ ಹಿರಿಯರೂ ಸೇವಿಸುವ ಔಷಧಿಯ ಹೆಸರು, ಹೊತ್ತು, ಮನೆಯವರ ದೂರವಾಣಿ ಸಂಖ್ಯೆ ಇವನ್ನು ಬರೆದ ಚೀಟಿಯು ಅವರ ಜೇಬಿನಲ್ಲೊಂದು, ತಂಡದ ಮುಖ್ಯಸ್ಥರ ಬಳಿಯಲ್ಲೊಂದು ಇರುವುದು ಕ್ಷೇಮ. ಇನ್ಸುಲಿನ್ ತೆಗೆದುಕೊಳ್ಳುವವರು ಅದನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟುಹೋಗಬಾರದು. ಸೀಸೆಯನ್ನು ನೀರು ತಾಗದಂತೆ ಸಣ್ಣ ಡಬ್ಬಿಯಲ್ಲಿಟ್ಟು, ಆ ಡಬ್ಬಿಯನ್ನು ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಕುಡಿಕೆಯಲ್ಲಿರಿಸಿ ನೆರಳಿನಲ್ಲಿಟ್ಟರೆ, ಆರುವ ನೀರು ಕುಡಿಕೆಯನ್ನು ತಂಪಾಗಿರಿಸುತ್ತದೆ. ಟಾರ್ಚು, ಗಾಯಕ್ಕೆ ಹಚ್ಚುವ ಮದ್ದು, ಬ್ಯಾಂಡೇಜು ಇವನ್ನು ವಿವರಿಸಬೇಕಾದುದಿಲ್ಲ. ಆಂಬ್ಯುಲೆನ್ಸಿಗೆ ಕರೆಯಬೇಕಾದ ಸಂಖ್ಯೆ 108.

ಇನ್ನು ಹಗ್ಗದ ಮಾತು. ವಸಂತದಲ್ಲಿ ಕಪಿಲೆಯೂ ಕಾವೇರಿಯೂ ಇಳಿದಿರುತ್ತವೆ. ಮೊಣಕಾಲುದ್ದದ ತಿಳಿನೀರು, ಅದರಡಿಯಲ್ಲಿ ಮಿನುಗುವ ಮರಳು. ಈ ನೋಟವೇ ಅಪಾಯಕಾರಿ. ಮರಳಿನ ದಿಬ್ಬವು ಮುಗಿಯುವಲ್ಲಿ ಒಂದೇ ಹೆಜ್ಜೆಗೆ ಆಳುದ್ದದ ಗುಂಡಿ ಇರಬಹುದು. ಮರಳು ತೆಗೆದ ಜಾಗಗಳಲ್ಲಿ ಉಳಿದ ಹಳ್ಳಗಳು ಮೇಲಿನಿಂದ ಕಾಣುವುದಿಲ್ಲ. ಕಪಿಲೆಗೆ ಮೇಲ್ಭಾಗದಲ್ಲಿ ಬೀಚನಹಳ್ಳಿಯ ಕಬಿನಿ ಜಲಾಶಯವಿದೆ, ಕಾವೇರಿಗೆ ಕೃಷ್ಣರಾಜಸಾಗರವಿದೆ. ಅಲ್ಲಿಂದ ನೀರು ಬಿಟ್ಟಾಗ ನಿನ್ನೆ ನಡೆದು ದಾಟಿದ ಜಾಗವು ಇಂದು ದಾಟಲು ಬಾರದು. ಎರಡು ಹೊಳೆಗಳು ಕೂಡುವಲ್ಲಿ ಸೆಳೆತದ ದಿಕ್ಕನ್ನು ಹೊಸಬರು ಊಹಿಸಲಾರರು. ತಲಕಾಡಿಗೆ ಸಂಬಂಧಿಸಿದ ಶಾಪದ ಕಥೆಯಲ್ಲಿಯೂ ಮಾಲಂಗಿಯ ಮಡುವಿನ ಪ್ರಸ್ತಾಪ ಬರುತ್ತದೆ. ಕಥೆಯನ್ನು ನಂಬುವುದು ಬಿಡುವುದು ಅವರವರ ಇಷ್ಟ, ಮಡುವನ್ನಂತೂ ನಂಬಲೇಬೇಕು.

ವಿಹಾರಕ್ಕೆ ಹೋದ ತಂಡದಲ್ಲಿ ಒಬ್ಬನು ಮುಳುಗಿದನೆಂಬ ಸುದ್ದಿಗಿಂತ, ಅವನನ್ನು ಉಳಿಸಲೆಂದು ಹಾರಿದ ಇಬ್ಬರು ಮೂವರು ಕೂಡ ಮರಳಲಿಲ್ಲವೆಂಬ ಸುದ್ದಿಯು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತಿರುವುದು ದುಃಖದ ಸಂಗತಿ. ಮುಳುಗುತ್ತಿರುವವನು ಕೈಗೆ ಸಿಕ್ಕವರನ್ನು ಅಪ್ಪಿ ಹಿಡಿಯುತ್ತಾನೆ. ಅದು ಅವನ ವಶದಲ್ಲಿಲ್ಲ. ಬಾವಿಯಲ್ಲೋ ಕೆರೆಯಲ್ಲೋ ಈಜು ಕಲಿತವರಿಗೆ ಹರಿಯುವ ನೀರಿನಲ್ಲಿ ಅಂತಹ ಅಪ್ಪುಗೆಯಿಂದ ಬಿಡಿಸಿಕೊಳ್ಳುವುದು ಸಾಧ್ಯವಾಗದು. ಆದ್ದರಿಂದ ದಡದಲ್ಲಿ ನಿಂತೇ ನೆರವಾಗುವ ಸಾಧನವು ಗಂಟಿನಲ್ಲಿರಬೇಕು. ಹತ್ತು ಮಾರು ಉದ್ದದ, ನೀರಿನ ಮೇಲೆ ತೇಲುವ ಪ್ಲಾಸ್ಟಿಕ್ ಹಗ್ಗ. ಅದರ ತುದಿಗೆ ಭದ್ರವಾಗಿ ಕಟ್ಟಿದ, ಮುಚ್ಚಳ ಬಿಗಿಯಾಗಿರುವ 5 ಲೀಟರಿನ ಬರಿ ಕ್ಯಾನು. ಕ್ಯಾನಿನಲ್ಲಿ ಒಂದು ಲೋಟದಷ್ಟು ನೀರು ಹಾಕಿದ್ದರೆ ಎಸೆಯಲು ತೂಕ ಬರುತ್ತದೆ, ತೇಲುವುದಕ್ಕೂ ಅಡ್ಡಿಯಿಲ್ಲ. ಹಗ್ಗದ ಇನ್ನೊಂದು ತುದಿಯನ್ನು ಹಿಡಿದವರು ದಡದ ಮೇಲೆ ಮಲಗಿಯೋ ಕುಳಿತೋ ಇರಬೇಕು. ನಿಂತು ಎಳೆದರೆ ತಾವೂ ನೀರಿಗೆ ಬೀಳುವ ಸಂಭವವುಂಟು. ಎಸೆತವು ಅವನ ಮುಂದಕ್ಕಲ್ಲ, ತಲೆಯನ್ನು ದಾಟಿ ಆಚೆಗೆ ಬೀಳುವಂತಿರಬೇಕು. ಆಗ ಹಗ್ಗವು ಅವನ ಕೈಗೆ ಸಿಕ್ಕುತ್ತದೆ. ಹಗ್ಗವೇ ಇಲ್ಲದ ಪಕ್ಷದಲ್ಲಿ ಗಂಟು ಹಾಕಿದ ಎರಡು ಸೀರೆಗಳು ಅದೇ ಕೆಲಸವನ್ನು ಮಾಡಿಯಾವು.

ಆದರೆ ಹಗ್ಗಕ್ಕಿಂತ ಮೊದಲು ಉಪಯೋಗಕ್ಕೆ ಬರಬೇಕಾದುದು ಚೊಂಬು. ಪುಣ್ಯಸ್ನಾನಕ್ಕೆ ಸೋಪಾನದ ಮೇಲಿನ ಮೆಟ್ಟಿಲಲ್ಲಿ ಕುಳಿತು ಚೊಂಬಿನಿಂದ ತಲೆಯ ಮೇಲೆ ನೀರು ಹೊಯ್ದುಕೊಂಡರೆ ಯಾವ ಕೊರತೆಯೂ ಆಗುವುದಿಲ್ಲ. ನರಸೀಪುರದಲ್ಲಿ 1989ರಿಂದ ನಡೆದುಬಂದಿರುವ ಕುಂಭಮೇಳದಂತಹ ಸಂದರ್ಭದಲ್ಲಿ ಸರ್ಕಾರದ ಕಾವಲು, ದೋಣಿ, ಈಜುಗಾರರು ಎಲ್ಲವೂ ಇರುತ್ತವೆ. ಸಾಮಾನ್ಯ ಭಾನುವಾರದಂದು ಹೊಳೆಯ ಬಳಿ ಇರುವವರು ತಂಡದವರು ಮಾತ್ರ. ಮಕ್ಕಳನ್ನು ನೋಡಿಕೊಳ್ಳಲು ಇಬ್ಬರನ್ನು ಹೆಸರಿಟ್ಟು ನೇಮಿಸದೆ "ಎಲ್ಲರೂ ನೋಡಿಕೊಳ್ಳುತ್ತಾರೆ" ಎಂದು ಬಿಟ್ಟರೆ ಯಾರೂ ನೋಡಿಕೊಳ್ಳುವುದಿಲ್ಲ.

ಒಯ್ಯಬಾರದ ವಸ್ತುಗಳನ್ನು ಕುರಿತು ಹೆಚ್ಚು ಹೇಳಬೇಕಾಗಿಲ್ಲ. ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ತಟ್ಟೆ ಲೋಟಗಳು 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಕ್ಕೆ ಒಳಗಾಗಿವೆ. ಬಾಳೆಯೆಲೆಗಾಗಲಿ ಮುತ್ತುಗದ ಎಲೆಗಾಗಲಿ ಈ ಸೀಮೆಯಲ್ಲಿ ಬರವಿಲ್ಲ. ಹಳೆಯ ಭಾವಚಿತ್ರಗಳ ಪ್ರತಿಗಳನ್ನು ತರಬೇಕೇ ಹೊರತು ಮೂಲವನ್ನಲ್ಲ, ಏಕೆಂದರೆ ಕೈಯಿಂದ ಕೈಗೆ ಹೋದ ಚಿತ್ರವು ಯಾರ ಚೀಲವನ್ನು ಸೇರಿತೆಂದು ಸಂಜೆಗೆ ಯಾರಿಗೂ ತಿಳಿದಿರುವುದಿಲ್ಲ. ಎರಡು ಬರಿ ಗೋಣಿಚೀಲಗಳಿರಲಿ: ಒಂದು ಎಂಜಲೆಲೆ ಕಸಗಳಿಗೆ, ಇನ್ನೊಂದು ಒದ್ದೆ ಬಟ್ಟೆಗಳಿಗೆ. ಮಿಂದು ಬಿಟ್ಟ ಬಟ್ಟೆಯನ್ನು ಮೆಟ್ಟಿಲ ಮೇಲೆಯೇ ಬಿಟ್ಟುಬರುವ ಪದ್ಧತಿಗೆ ಯಾವ ಶಾಸ್ತ್ರದ ಹೆಸರು ಹೇಳಿದರೂ, ಅದನ್ನು ಎತ್ತಿಹಾಕಬೇಕಾದವರು ಪೌರಕಾರ್ಮಿಕರೇ.

ಹೊರಡುವ ಮುನ್ನಾದಿನ ಒಬ್ಬರು ಪಟ್ಟಿಯನ್ನು ಬರೆದು, ಪ್ರತಿ ವಸ್ತುವಿನ ಮುಂದೆ ತರುವವರ ಹೆಸರನ್ನು ಕಾಣಿಸಿ, ಎಲ್ಲರಿಗೂ ಓದಿ ಹೇಳಿದರೆ ಹತ್ತು ಡಬ್ಬಿ ಚಕ್ಕುಲಿಯ ಪ್ರಸಂಗ ಬಾರದು. ಹಿಂದಿರುಗುವಾಗ ನಂಜನಗೂಡಿನ ರಸಬಾಳೆ ಸಿಕ್ಕಿದರೆ ಕೊಳ್ಳದೆ ಬರುವವರು ವಿರಳ. ಹಣ್ಣಿನ ಚೀಲವು ಎಲ್ಲಕ್ಕೂ ಮೇಲಿರಬೇಕು, ಮಡಿಸಿದ ಕುರ್ಚಿಗಳು ಎಲ್ಲಕ್ಕೂ ಕೆಳಗೆ. ಹಗ್ಗವನ್ನು ತಂದವರು ಅದನ್ನು ಒಣಗಿಸಿ, ಸಿಕ್ಕು ಬಿಡಿಸಿ, ಸುತ್ತಿ ಒಯ್ಯತಕ್ಕದ್ದು.