ಕಡಲು ಹೇಳಿದ ಹೊತ್ತಿಗೆ

ಮಕ್ಕಳು ಬ್ರಿಟನ್ನಿನಲ್ಲಿ ನೆಲೆಸಿರುವುದರಿಂದ ಒಮ್ಮೆಯಾದರೂ ಅಲ್ಲಿಗೆ ಹೋಗಿಬಂದ ದಂಪತಿಗಳು ಈಗ ನಮ್ಮ ಪಟ್ಟಣಗಳಲ್ಲಿ ಅಪರೂಪವಲ್ಲ. ಲಂಡನ್ ನೋಡಿದ್ದಾಯಿತು, ಎಡಿನ್‌ಬರೋ ನೋಡಿದ್ದಾಯಿತು. ಮಕ್ಕಳಿಗೆ ಕೆಲಸ, ಮೊಮ್ಮಕ್ಕಳಿಗೆ ಶಾಲೆ. ಒಂದು ವಾರ ಇಬ್ಬರೇ ಎಲ್ಲಿಗಾದರೂ ಹೋಗಿಬರೋಣವೆಂಬ ಆಸೆ ಆಗ ಹುಟ್ಟುವುದು ಸಹಜ. ಅಂಥವರು ನೋಡಬೇಕಾದದ್ದು ಇಂಗ್ಲೆಂಡಿನ ಈಶಾನ್ಯದ ಅಂಚಿನಲ್ಲಿ, ಸ್ಕಾಟ್ಲೆಂಡಿನ ಗಡಿಗೆ ತಾಗಿಕೊಂಡಿರುವ ನಾರ್ಥಂಬರ್‌ಲೆಂಡಿನ ಕಡಲತೀರ. ಲಂಡನ್ನಿನಿಂದ ಎಡಿನ್‌ಬರೋಗೆ ಹೋಗುವ ರೈಲುದಾರಿ ಇದರ ಪಕ್ಕದಲ್ಲೇ ಹಾಯುತ್ತದೆ. ಆದರೆ ಅಲ್ಲಿಗೆ ಹೋಗುವವರು ಒಂದು ಮಾತನ್ನು ಮೊದಲೇ ಮನಸ್ಸಿಗೆ ತಂದುಕೊಳ್ಳಬೇಕು. ಆ ತೀರದಲ್ಲಿ ದಿನಚರಿಯನ್ನು ಬರೆಯುವುದು ನಮ್ಮ ಗಡಿಯಾರವಲ್ಲ, ಸಮುದ್ರ.

ಬ್ಯಾಂಬರೋ ಎಂಬ ಹಳ್ಳಿಯನ್ನು ನಡುವಾಗಿಟ್ಟುಕೊಂಡರೆ, ನೇರ ಅಳತೆಯಲ್ಲಿ ಸುಮಾರು ಮೂವತ್ತು ಕಿಲೋಮೀಟರಿನೊಳಗೆ ಐದು ಹೆಸರಾಂತ ಕೋಟೆಗಳಿವೆ. ಕೋಟೆಯೆಂದರೆ ಊರನ್ನೇ ಸುತ್ತಿಕೊಂಡ ಗೋಡೆಯೆಂದು ನಾವು ತಿಳಿಯುತ್ತೇವೆ. ಅಲ್ಲಿಯ ‘ಕ್ಯಾಸಲ್’ ಹಾಗಲ್ಲ. ಅದು ಒಬ್ಬ ದೊರೆಯ ಇಲ್ಲವೆ ಸರದಾರನ ಭದ್ರಪಡಿಸಿದ ಮನೆ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡುಗಳು ಶತಮಾನಗಟ್ಟಲೆ ಕಾದಾಡಿದ ಗಡಿಸೀಮೆಯಾದ್ದರಿಂದ ಇಲ್ಲಿ ಅಂಥ ಮನೆಗಳು ಒತ್ತೊತ್ತಾಗಿ ಎದ್ದವು. ಬ್ಯಾಂಬರೋ, ಡನ್‌ಸ್ಟನ್‌ಬರೋ ಮತ್ತು ಲಿಂಡಿಸ್‌ಫಾರ್ನ್ ಕೋಟೆಗಳ ಕೆಳಗಿರುವುದು ಗಟ್ಟಿಯಾದ ಕಪ್ಪು ಅಗ್ನಿಶಿಲೆ. ಸುತ್ತಲಿನ ಮೆದುಕಲ್ಲನ್ನು ಕಡಲು ಸವೆಸಿದರೂ ಈ ಬಂಡೆ ತಲೆಯೆತ್ತಿ ನಿಂತಿತು. ಬಂಡೆಯಿದ್ದಲ್ಲಿ ಕೋಟೆ ಕಟ್ಟಿದರು. ಒಂದು ಕಡೆಯ ಕಾವಲನ್ನು ಸಮುದ್ರಕ್ಕೇ ಬಿಟ್ಟರು.

ಬ್ಯಾಂಬರೋ ಪುರಾತನ ನಾರ್ಥಂಬ್ರಿಯ ದೊರೆಗಳ ರಾಜಸ್ಥಾನ. ಆ ಕಾಲದ ಕಟ್ಟಡಗಳು ಹೋಗಿ, ನಡುಗೋಪುರ 12ನೆಯ ಶತಮಾನದ್ದಾಗಿದೆ. 1464ರಲ್ಲಿ ಫಿರಂಗಿಗಳ ಏಟಿಗೆ ಈ ಕೋಟೆ ಶರಣಾಯಿತು. 1894ರಲ್ಲಿ ಆರ್ಮ್‌ಸ್ಟ್ರಾಂಗ್ ಎಂಬ ಉದ್ಯಮಿ ಇದನ್ನು ಕೊಂಡು ದುರಸ್ತಿಗೆ ಕೈಹಾಕಿದ. ಡನ್‌ಸ್ಟನ್‌ಬರೋ ಇದಕ್ಕೆ ತದ್ವಿರುದ್ಧ. ದೊರೆಗೆ ಇದಿರು ನಿಂತ ಲ್ಯಾಂಕಾಸ್ಟರಿನ ಥಾಮಸ್ 1313ರಲ್ಲಿ ಕಟ್ಟಿಸತೊಡಗಿದ ಕೋಟೆ ಅದು; 1322ರಲ್ಲಿ ಅವನ ತಲೆ ಉರುಳಿತು. ಈಗ ಎದ್ದು ಕಾಣುವುದು ಹೆಬ್ಬಾಗಿಲಿನ ಎರಡು ಮುರುಕು ಗೋಪುರ, ಗಾಳಿ, ಕುರಿಮಂದೆ. ಪ್ರವಾಸಿಯ ಮೋಟಾರು ಅಲ್ಲಿಗೆ ಹೋಗುವುದಿಲ್ಲ. ಕ್ರಾಸ್ಟರ್ ಎಂಬ ಬೆಸ್ತರ ಹಳ್ಳಿಯಿಂದ ಹುಲ್ಲುದಾರಿಯಲ್ಲಿ ಎರಡು ಕಿಲೋಮೀಟರ್ ನಡೆಯಲೇಬೇಕು. ಒಳನಾಡಿನ ಆನಿಕ್ ಕೋಟೆ 1309ರಿಂದ ಪರ್ಸಿ ಮನೆತನದ್ದು, ಈಗಲೂ ಅವರ ವಾಸದ ಮನೆ. ಚಳಿಗಾಲದಲ್ಲಿ ಬಾಗಿಲು ಹಾಕಿರುತ್ತದೆ. ಐದನೆಯದಾದ ವಾರ್ಕ್‌ವರ್ತ್ ಕೋಕೆಟ್ ನದಿಯ ತಿರುವಿನಲ್ಲಿ ನಿಂತಿದೆ.

ಇಳಿದುಕೊಳ್ಳಲು ಹೋಟೆಲಿಗಿಂತ ಕಾಟೇಜು ಲೇಸು. ಹಿಂದೆ ಬೆಸ್ತರೋ ಹೊಲದ ಆಳುಗಳೋ ಬಾಳಿದ ದಪ್ಪಗೋಡೆಯ ಕಲ್ಲುಮನೆಗಳನ್ನು ಇಬ್ಬರಿಗೆ ಸಾಕಾಗುವಂತೆ ಸಜ್ಜುಗೊಳಿಸಿ ವಾರದ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತಾರೆ. ಸಾಮಾನ್ಯವಾಗಿ ಶುಕ್ರವಾರ ಇಲ್ಲವೆ ಶನಿವಾರ ಮಧ್ಯಾಹ್ನದ ಮೇಲೆ ಬೀಗದ ಕೈ ಸಿಗುತ್ತದೆ. ಮರುವಾರ ಅದೇ ದಿನ ಬೆಳಗ್ಗೆ ಮನೆ ತೆರವು ಮಾಡಬೇಕು. ಅಡಿಗೆ ನಿಮ್ಮದೇ. ಬೇಳೆ, ಸಾರಿನ ಪುಡಿ, ಸೋನಾಮಸೂರಿ ಅಕ್ಕಿ ಹಳ್ಳಿಯ ಅಂಗಡಿಯಲ್ಲಿ ದೊರಕುವ ಭರವಸೆಯಿಲ್ಲ. ಎಡಿನ್‌ಬರೋ ಅಥವಾ ನ್ಯೂಕಾಸಲ್ಲಿನಲ್ಲೇ ಕಟ್ಟಿಸಿಕೊಂಡು ಹೋಗುವುದು ಜಾಣತನ. ಹಾಲು, ರೊಟ್ಟಿ, ತರಕಾರಿಗಳನ್ನು ಮಾತ್ರ ಹಳ್ಳಿಯಲ್ಲೇ ಕೊಳ್ಳಿ. ಈ ತೀರದ ಎಷ್ಟೋ ಮನೆಗಳು ಪ್ರವಾಸಿಗಳ ಪಾಲಾಗಿ, ಬೆಲೆ ಏರಿ, ಅಲ್ಲೇ ಹುಟ್ಟಿ ಬೆಳೆದವರು ಸ್ವಂತ ಊರಿನಲ್ಲಿ ಮನೆ ಮಾಡಲಾರದೆ ಹೋಗಿದ್ದಾರೆ. ಆ ಅಂಗಡಿಯಾದರೂ ಉಳಿಯಲೆಂಬ ಕಾಳಜಿ ಅತಿಥಿಗೆ ಇರಬೇಕು.

ಇನ್ನು ಮುಖ್ಯವಾದ ಮಾತು, ಲಿಂಡಿಸ್‌ಫಾರ್ನ್. 635ರಲ್ಲಿ ಸಂತ ಏಡನ್ ಮಠ ಸ್ಥಾಪಿಸಿದ ಪವಿತ್ರ ದ್ವೀಪ ಇದು. 793ರಲ್ಲಿ ವೈಕಿಂಗರು ಇದನ್ನು ಸೂರೆಗೊಂಡಾಗ ಕ್ರೈಸ್ತ ಯೂರೋಪೇ ನಡುಗಿತು. ಮುಂದೆ ಹಾಳುಬಿದ್ದ ಮಠದ ಕಲ್ಲುಗಳನ್ನೂ ಬಳಸಿ 16ನೆಯ ಶತಮಾನದಲ್ಲಿ ಬಂಡೆಯ ಮೇಲೊಂದು ಪುಟ್ಟ ಕೋಟೆ ಕಟ್ಟಿದರು. 20ನೆಯ ಶತಮಾನದ ಮೊದಲಲ್ಲಿ ಅದನ್ನು ವಾಸದ ಮನೆಯಾಗಿ ಮಾರ್ಪಡಿಸಿದವರು ಎಡ್ವಿನ್ ಲಟ್ಯೆನ್ಸ್. ಹೊಸದೆಹಲಿಯ ರಾಷ್ಟ್ರಪತಿ ಭವನವನ್ನು ರೂಪಿಸಿದ ಶಿಲ್ಪಿಯೇ ಅವರು. ಅಷ್ಟು ದೊಡ್ಡ ಭವನ ಕಟ್ಟಿದ ಕೈ ಇಷ್ಟು ಕಿರಿದಾದ ಕೋಣೆಗಳನ್ನೂ ಹೇಗೆ ಹವಣಿಸಿತೆಂದು ನೋಡುವುದೇ ಒಂದು ಸಂತೋಷ.

ಈ ದ್ವೀಪಕ್ಕೆ ಹೋಗುವ ರಸ್ತೆ ದಿನಕ್ಕೆ ಎರಡು ಬಾರಿ ಸಮುದ್ರದಲ್ಲಿ ಮುಳುಗುತ್ತದೆ. ಭರತ–ಇಳಿತ ನಮ್ಮ ಕರಾವಳಿಯವರಿಗೆ ಹೊಸದಲ್ಲ. ಆದರೆ ಅಲ್ಲಿಯ ಏರಿಳಿತ ನಮ್ಮಲ್ಲಿಯದಕ್ಕಿಂತ ಬಹಳ ಹೆಚ್ಚು. ಚಂದ್ರನ ಸೆಳೆತದಿಂದ ಸುಮಾರು 12 ಗಂಟೆ 25 ನಿಮಿಷಕ್ಕೊಮ್ಮೆ ಭರತ ಬರುತ್ತದೆ. ಆದ್ದರಿಂದ ಇಂದು ದಾಟಿದ ಹೊತ್ತು ನಾಳೆಗೆ ಸಲ್ಲದು. ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರು ಇನ್ನೂ ಮೇಲೇರುತ್ತದೆ. ದಾಟಲು ಯೋಗ್ಯವಾದ ವೇಳೆಯನ್ನು ಕೌಂಟಿಯ ಆಡಳಿತ ಮೊದಲೇ ಪ್ರಕಟಿಸುತ್ತದೆ, ರಸ್ತೆಯ ಬದಿಯಲ್ಲೂ ಫಲಕವುಂಟು.

ಇಷ್ಟಿದ್ದರೂ ಮೋಟಾರುಗಳು ನೀರುಪಾಲಾಗುತ್ತಲೇ ಇವೆ. ಕಾರಣವೇನು? ವೇಳಾಪಟ್ಟಿಗಿಂತ ತಮ್ಮ ಕಣ್ಣನ್ನು ನಂಬುವುದು. ಮುಂದೆ ಒಣರಸ್ತೆ ಕಾಣುತ್ತದೆ. ಅಷ್ಟರಲ್ಲಿ ನಡುವಿನ ತಗ್ಗು ತುಂಬಿರುತ್ತದೆ. ಚಪ್ಪಟೆ ಮರಳಿನ ಮೇಲೆ ನೀರು ಅಲೆಯಾಗಿ ಎದ್ದು ಬರುವುದಿಲ್ಲ, ಸದ್ದಿಲ್ಲದೆ ಹರಡಿಕೊಳ್ಳುತ್ತದೆ. ಸಿಕ್ಕಿಬಿದ್ದವರು ಏರಿ ಕೂರಲೆಂದು ಕಂಬಗಳ ಮೇಲೊಂದು ಮರದ ಗೂಡನ್ನೇ ಕಟ್ಟಿಟ್ಟಿದ್ದಾರೆ. ಅವರನ್ನು ಕರೆತರಲು ಸೀಹೌಸಸ್ ಬಂದರಿನ ಜೀವರಕ್ಷಕ ದೋಣಿ ಹೊರಡಬೇಕಾಗುತ್ತದೆ. ಒಬ್ಬರ ಆತುರಕ್ಕೆ ಇತರರು ಪ್ರಾಣ ಪಣಕ್ಕಿಟ್ಟಂತೆ. ಗಾಳಿ ಜೋರಾಗಿದ್ದರೆ ನೀರು ಪಟ್ಟಿಗಿಂತ ಮೊದಲೇ ಬರುವುದೂ ಉಂಟು. ಕೊನೆಯ ಗಳಿಗೆಗೆ ಕಾಯಬೇಡಿ.

ಹಾಗಾದರೆ ಏನು ಮಾಡಬೇಕು? ಕಾಟೇಜಿಗೆ ಬಂದ ಸಂಜೆಯೇ ಭರತದ ಪಟ್ಟಿಯನ್ನು ಮುಂದಿಟ್ಟುಕೊಂಡು ಇಬ್ಬರೂ ಕುಳಿತು ವಾರವನ್ನು ಹಂಚಿಕೊಳ್ಳಿ. ಹಗಲಿನ ಬಹುಭಾಗ ರಸ್ತೆ ತೆರೆದಿರುವ ದಿನವನ್ನು ಲಿಂಡಿಸ್‌ಫಾರ್ನಿಗೆ ಮೀಸಲಿಡಿ. ಧೈರ್ಯವಿದ್ದರೆ ಇನ್ನೊಂದು ಬಗೆಯೂ ಇದೆ: ತಿನಿಸು ಕಟ್ಟಿಕೊಂಡು ಹೋಗಿ, ರಸ್ತೆ ಮುಚ್ಚುವ ಹೊತ್ತಿಗೆ ದ್ವೀಪದಲ್ಲೇ ಉಳಿಯಿರಿ. ಜನಜಂಗುಳಿ ಹಿಂತಿರುಗಿದ ಮೇಲೆ ಆ ಐದು ಗಂಟೆಯ ಮೌನ ನಿಮ್ಮದು. ಕಡಲು ಹಿಂದೆ ಸರಿದಾಗ ಬ್ಯಾಂಬರೋದ ಮರಳಿನ ಮೇಲೆ ನಡೆಯಿರಿ. ಕೋಟೆ ಅತ್ಯಂತ ಚೆಲುವಾಗಿ ಕಾಣುವುದು ಅಲ್ಲಿಂದಲೇ. ಗಾಳಿ ತಗ್ಗಿದ ದಿನ ಸೀಹೌಸಸಿನಿಂದ ಫಾರ್ನ್ ದ್ವೀಪಗಳಿಗೆ ದೋಣಿಯಲ್ಲಿ ಹೋಗಬಹುದು. ಮೇ, ಜೂನ್ ತಿಂಗಳುಗಳಲ್ಲಿ ಬಣ್ಣದ ಕೊಕ್ಕಿನ ಪಫಿನ್ ಹಕ್ಕಿಗಳು ಅಲ್ಲಿ ಸಾವಿರಗಟ್ಟಲೆ. 1838ರಲ್ಲಿ ಅಲ್ಲಿಯ ದೀಪಸ್ತಂಭದಿಂದ ತಂದೆಯೊಡನೆ ಬಿರುಗಾಳಿಯಲ್ಲಿ ಹುಟ್ಟುಹಾಕಿ, ಒಡೆದ ಹಡಗಿನವರನ್ನು ಉಳಿಸಿದ ಗ್ರೇಸ್ ಡಾರ್ಲಿಂಗಳ ಸಮಾಧಿ ಬ್ಯಾಂಬರೋದ ಚರ್ಚಿನ ಅಂಗಳದಲ್ಲಿದೆ.

ಮಂಜು ಕವಿದು ಏನೂ ಕಾಣದ ದಿನವೂ ಒಂದು ಬರಬಹುದು. ಅದನ್ನು ನಷ್ಟವೆಂದು ಬರೆದುಕೊಳ್ಳಬೇಡಿ. ಒಲೆ ಹೊತ್ತಿಸಿ, ಕಾಫಿ ಮಾಡಿಕೊಂಡು ಕುಳಿತುಕೊಳ್ಳಿ. ಐದು ಕೋಟೆಗಳಲ್ಲಿ ಎರಡು ಉಳಿದುಹೋದರೂ ಚಿಂತೆಯಿಲ್ಲ. ಮನೆಯಲ್ಲಿ ವರ್ಷವಿಡೀ ಇನ್ನೊಬ್ಬರ ಹೊತ್ತಿಗೆ ಬಾಳಿದವರು ಒಂದು ವಾರ ಕಡಲಿನ ಹೊತ್ತಿಗೆ ಬಾಳಿದರೆ, ಒಬ್ಬರೊಡನೊಬ್ಬರು ಮಾತನಾಡಲು ಬೇಕಾದಷ್ಟು ವೇಳೆ ತಾನಾಗಿ ಸಿಗುತ್ತದೆ.