ಅಂಕಿ ಬದಲಾಯಿತು, ಕಾವಲು ತಪ್ಪಿತು

ಹಲವು ಡಿಸ್ಕುಗಳನ್ನು ಒಂದಾಗಿ ದುಡಿಸುವ ವ್ಯೂಹವೇ ರೇಡ್. ಇದರ ಐದನೆಯ ಬಗೆಯಲ್ಲಿ ಒಂದು ಡಿಸ್ಕು ಕೆಟ್ಟರೂ ಮಾಹಿತಿ ಉಳಿಯುವುದು. ಅದನ್ನು ಬದಲಿಸುವ ಮುನ್ನ ಇನ್ನೊಂದು ಕೆಟ್ಟರೆ ಸರ್ವನಾಶ. ಆದುದರಿಂದ ಡಿಸ್ಕುಗಳ ಆರೋಗ್ಯವನ್ನು ನಮಗೆ ತಿಳಿಸುವ ನಿರ್ವಹಣಾ ತಂತ್ರಾಂಶವು ಕಾವಲುಗಾರನಿದ್ದಂತೆ.

2011ರ ಜುಲೈಯಲ್ಲಿ ಗಣಕವ್ಯವಸ್ಥೆಯ ತಿರುಳಾದ ಲಿನಕ್ಸ್ ಕರ್ನೆಲ್‌ನ ಸಂಖ್ಯೆ 2.6.39ರಿಂದ 3.0ಕ್ಕೆ ಏರಿತು. ಒಳರಚನೆಯಲ್ಲಿ ಕ್ರಾಂತಿಯೇನೂ ಆಗಿರಲಿಲ್ಲ. ಆದರೂ ಎಚ್.ಪಿ. ಸಂಸ್ಥೆಯ ನಿರ್ವಹಣಾ ತಂತ್ರಾಂಶಗಳು ಕೆಲಸಮಾಡದಾದುವು. ಕಾರಣವೇನು? ಅವು 2.6 ಎಂಬ ಅಂಕಿಯನ್ನೇ ನಿರೀಕ್ಷಿಸುತ್ತಿದ್ದುವು! ಮೂಲಸಂಕೇತವು ಬಳಕೆದಾರರ ಕೈಯಲ್ಲಿಲ್ಲದುದರಿಂದ ಅವರು ತಿದ್ದುವಂತಿರಲಿಲ್ಲ.

ಅದೇ ವರ್ಷ ಕರ್ನೆಲ್ಲಿಗೇ ಒಂದು ಉಪಾಯವನ್ನು ಸೇರಿಸಲಾಯಿತು. ಬಯಸಿದ ತಂತ್ರಾಂಶಕ್ಕೆ ಮಾತ್ರ ಅದು 3.0ನ್ನು 2.6.40 ಎಂದೂ, 3.1ನ್ನು 2.6.41 ಎಂದೂ ಹೇಳತೊಡಗಿತು. ಕಾವಲುಗಾರ ಮತ್ತೆ ಎಚ್ಚೆತ್ತ.

ಯಾವುದನ್ನೇ ಆಗಲಿ ಹೆಸರಿನಿಂದಲ್ಲ, ಗುಣದಿಂದ ಪರೀಕ್ಷಿಸಬೇಕೆಂಬುದನ್ನು ನಾವು ಇಲ್ಲಿ ಕಾಣುತ್ತೇವೆ.